ಶುಶ್ರೂಷೆಯ ಗುರುಮಾತೆ ಫ್ಲಾರೆನ್ಸ್ ನೈಟಿಂಗೇಲ್

ಕೈಯಲ್ಲಿ ದೀಪ ಹಿಡಿದು, ನಡುರಾತ್ರಿಯಲ್ಲಿ ಗಾಯಾಳುಗಳ ಹಾಸಿಗೆಯಿಂದ ಹಾಸಿಗೆಗೆ ನಡೆದುಹೋಗುವ ಹೆಂಗಸಿನ ಚಿತ್ರವನ್ನು ನಮ್ಮಲ್ಲಿ ಬಹುಮಂದಿ ಶಾಲೆಯ ಪಾಠಪುಸ್ತಕದಲ್ಲಿ ನೋಡಿದ್ದೇವೆ. ಇಲ್ಲಿ ಪುಣೆಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳ ಹೆಣ್ಣುಮಕ್ಕಳು ದಾದಿಯರ ಶಾಲೆ ಸೇರಿ, ದೀಪ ಹಚ್ಚಿ ಪ್ರತಿಜ್ಞೆ ಮಾಡುವಾಗ ನೆನೆಯುವುದೂ ಆಕೆಯನ್ನೇ. ಆದರೆ ಆ ಚಿತ್ರ ತೋರಿಸುವುದು ಫ್ಲಾರೆನ್ಸ್ ನೈಟಿಂಗೇಲಳ ತೊಂಬತ್ತು ವರ್ಷಗಳ ಬಾಳಿನಲ್ಲಿ ಎರಡು ವರ್ಷಗಳನ್ನೂ ತುಂಬದ ಒಂದು ಅವಧಿಯನ್ನು. ಅದಾದ ಮೇಲೆ ಆಕೆ ಐವತ್ತಕ್ಕೂ ಹೆಚ್ಚು ವರ್ಷ ಬದುಕಿದಳು. ಆ ಕಾಲದ ಬಹುಭಾಗವನ್ನು ರೋಗಿಯಾಗಿ ಕೋಣೆಯಲ್ಲೇ ಕಳೆದಳು. ಜನರ ಆರೋಗ್ಯವನ್ನು ಕಾಯುವ ಮುಂದಾಳುಗಳನ್ನು ತಯಾರಿಸುವ ವಿದ್ಯೆಯನ್ನು ಆಕೆ ಜಗತ್ತಿಗೆ ಕಲಿಸಿದ್ದು ಆ ಕೋಣೆಯಿಂದಲೇ. ಆ ಕಥೆಯನ್ನು ಇಲ್ಲಿ ಹೇಳುವ ಉದ್ದೇಶ ನಮ್ಮದು.

ಫ್ಲಾರೆನ್ಸಳು ಹುಟ್ಟಿದ್ದು 1820ನೆಯ ಇಸವಿ ಮೇ 12ರಂದು, ಇಟಲಿ ದೇಶದ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆತಾಯಿಗಳು ಶ್ರೀಮಂತ ಇಂಗ್ಲಿಷರು. ತಂದೆಯು ಇಬ್ಬರು ಹೆಣ್ಣುಮಕ್ಕಳಿಗೂ ತಾನೇ ಗುರುವಾಗಿ ಗ್ರೀಕ್, ಲ್ಯಾಟಿನ್, ಇತಿಹಾಸ, ತತ್ತ್ವಶಾಸ್ತ್ರಗಳನ್ನು ಕಲಿಸಿದನು. ಫ್ಲಾರೆನ್ಸಳಿಗೆ ಗಣಿತದಲ್ಲಿ ಬಹಳ ಆಸಕ್ತಿ. ಹದಿನೇಳನೆಯ ವಯಸ್ಸಿನಲ್ಲಿ, ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಗೆ ದೃಢವಾಯಿತು. ಮುಂದೆ ರೋಗಿಗಳ ಸೇವೆಗೆ ಹೋಗುವೆನೆಂದಾಗ ಮನೆಯಲ್ಲಿ ದೊಡ್ಡ ಕೋಲಾಹಲವೇ ನಡೆಯಿತು. ಆಗಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯೆಂದರೆ ಓದುಬರಹವಿಲ್ಲದ, ಕುಡಿತದ ಚಟದವಳೆಂಬ ಅಪಖ್ಯಾತಿ ಇತ್ತು. ಮಾನವಂತರ ಮನೆಯ ಹುಡುಗಿ ಅಲ್ಲಿಗೆ ಕಾಲಿಡುವುದನ್ನು ಯಾರೂ ಊಹಿಸುವಂತಿರಲಿಲ್ಲ. ಬಂದ ವರನನ್ನು ಆಕೆ ಒಲ್ಲೆನೆಂದಳು. ವರ್ಷಗಟ್ಟಲೆ ಕಾದು, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ಥ್ ಎಂಬಲ್ಲಿಯ ಸೇವಾಸಂಸ್ಥೆಯಲ್ಲಿ ಮೂರು ತಿಂಗಳು ಕಲಿತಳು. 1853ರಲ್ಲಿ ಲಂಡನ್ನಿನ ಒಂದು ಚಿಕ್ಕ ಆಸ್ಪತ್ರೆಯ ಮೇಲ್ವಿಚಾರಕಿಯಾದಳು. ಆಗ ವಯಸ್ಸು ಮೂವತ್ತಮೂರು.

ಮರುವರ್ಷವೇ ಕ್ರಿಮಿಯಾ ಯುದ್ಧದಲ್ಲಿ ಇಂಗ್ಲಿಷ್ ಸೈನಿಕರು ಔಷಧೋಪಚಾರವಿಲ್ಲದೆ ಸಾಯುತ್ತಿರುವ ಸುದ್ದಿಯನ್ನು ಪತ್ರಿಕೆಗಳು ಮನೆಮನೆಗೆ ಮುಟ್ಟಿಸಿದವು. ಯುದ್ಧ ಖಾತೆಯ ಮಂತ್ರಿ ಸಿಡ್ನಿ ಹರ್ಬರ್ಟನು ಫ್ಲಾರೆನ್ಸಳ ಸ್ನೇಹಿತ. ಅವನ ಕೋರಿಕೆಯಂತೆ ಆಕೆ 38 ಮಂದಿ ದಾದಿಯರೊಡನೆ ಹೊರಟು, 1854ರ ನವೆಂಬರಿನಲ್ಲಿ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಯನ್ನು ಸೇರಿದಳು. ಅಲ್ಲಿ ಹಾಸಿಗೆ ಸಾಲದು, ಬಟ್ಟೆ ಸಾಲದು, ಒಗೆಯುವ ವ್ಯವಸ್ಥೆಯಿಲ್ಲ. ಆಕೆ ಅಡಿಗೆಮನೆಯನ್ನು ಸರಿಪಡಿಸಿದಳು, ಅಗಸರ ಏರ್ಪಾಡು ಮಾಡಿದಳು, ರಾತ್ರಿಯೆಲ್ಲ ಸುತ್ತಿದಳು. ಆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಫೆಬ್ರವರಿಯ ವೇಳೆಗೆ ಆಸ್ಪತ್ರೆಗೆ ಬಂದ ನೂರರಲ್ಲಿ ಸುಮಾರು 42 ಮಂದಿ ಸಾಯುತ್ತಿದ್ದರು. ಮಾರ್ಚಿಯಲ್ಲಿ ಸರ್ಕಾರದ ನೈರ್ಮಲ್ಯ ಆಯೋಗದವರು ಬಂದು, ಕಟ್ಟಡದ ಅಡಿಯಲ್ಲಿ ಕೊಳೆತು ತುಂಬಿದ್ದ ಚರಂಡಿಗಳನ್ನು ತೊಳೆಸಿದರು, ಕುಡಿಯುವ ನೀರನ್ನು ಶುದ್ಧಗೊಳಿಸಿದರು, ಗಾಳಿಗೆ ದಾರಿ ಮಾಡಿದರು. ಜೂನ್ ತಿಂಗಳ ವೇಳೆಗೆ ಸಾವಿನ ಪ್ರಮಾಣ ನೂರಕ್ಕೆ ಎರಡರ ಸುಮಾರಿಗೆ ಇಳಿಯಿತು.

1856ರಲ್ಲಿ ಸ್ವದೇಶಕ್ಕೆ ಮರಳಿದಾಗ ಆಕೆಯ ಕೀರ್ತಿ ಮನೆಮಾತಾಗಿತ್ತು. ಆದರೆ ಆಕೆ ಮೆರವಣಿಗೆಗಳಿಗೆ ಸಿಕ್ಕದೆ, ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞನೊಡನೆ ಸತ್ತವರ ಲೆಕ್ಕಗಳನ್ನು ಮುಂದಿಟ್ಟುಕೊಂಡು ಕುಳಿತಳು. ಗುಂಡು ತಗುಲಿ ಸತ್ತವರಿಗಿಂತ ಕಾಲರಾ, ಆಮಶಂಕೆ, ಜ್ವರಗಳಿಂದ ಸತ್ತವರೇ ಬಹುಪಾಲು ಎಂಬುದು ಆ ಲೆಕ್ಕಗಳಿಂದ ನಿಚ್ಚಳವಾಯಿತು. ತಾನು ಹಗಲಿರುಳು ದುಡಿದ ಆಸ್ಪತ್ರೆಯಲ್ಲಿಯೇ ಅಷ್ಟು ಜೀವಗಳು ಹೋಗಿದ್ದವು. ಎಷ್ಟೇ ಪ್ರೀತಿಯಿಂದ ಉಪಚರಿಸಿದರೂ ಚರಂಡಿಯ ವಿಷಕ್ಕೆ ಅದು ಮದ್ದಾಗಲಿಲ್ಲ. ಅಲ್ಲಿ ಬೇಕಾಗಿದ್ದದ್ದು ಕೊಳೆಯನ್ನು ಮೊದಲೇ ಕಂಡುಹಿಡಿಯುವ ತಿಳಿವಳಿಕೆ, ಅದನ್ನು ತೊಲಗಿಸಿರೆಂದು ಹೇಳುವ ಅಧಿಕಾರ, ಹೇಳಿದ್ದನ್ನು ಮಾಡಿಸುವ ಶಿಸ್ತು. ಈ ಮೂರೂ ಉಳ್ಳವರು ಸೈನ್ಯದಲ್ಲಿ ಇರಲಿಲ್ಲ, ಏಕೆಂದರೆ ಅಂಥವರನ್ನು ಯಾರೂ ತಯಾರು ಮಾಡಿರಲಿಲ್ಲ. ಶಾಂತಿಯ ಕಾಲದಲ್ಲೂ ದಂಡಿನ ಮನೆಗಳಲ್ಲಿ ಯುವಕ ಸಿಪಾಯಿಗಳು ಊರಿನ ಅದೇ ವಯಸ್ಸಿನವರಿಗಿಂತ ಹೆಚ್ಚುಕಡಿಮೆ ಇಮ್ಮಡಿ ಸಂಖ್ಯೆಯಲ್ಲಿ ಸಾಯುತ್ತಿದ್ದುದನ್ನು ಆಕೆ ಬಣ್ಣದ ಚಿತ್ರಪಟಗಳಲ್ಲಿ ಬರೆದು ಮಂತ್ರಿಗಳ ಕಣ್ಣಿಗೆ ಹಿಡಿದಳು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಈ ಪ್ರಯತ್ನದ ಮೊದಲ ಫಲವೇ 1860ರಲ್ಲಿ ತೆರೆದ ಸೈನಿಕ ವೈದ್ಯಶಾಲೆ. ವೈದ್ಯ ಪದವಿ ಪಡೆದವರಿಗೂ ನೀರು, ಗಾಳಿ, ಚರಂಡಿ, ವಸತಿ, ಆಹಾರಗಳ ಶಾಸ್ತ್ರವನ್ನು ಪ್ರತ್ಯೇಕವಾಗಿ ಕಲಿಸಬೇಕೆಂಬುದು ಆಕೆಯ ಹಟ. ಎಡ್ಮಂಡ್ ಪಾರ್ಕ್ಸನು ಆರೋಗ್ಯಶಾಸ್ತ್ರದ ಪ್ರಾಧ್ಯಾಪಕನಾದನು. ಕೆಲವು ವರ್ಷಗಳಲ್ಲಿ ಶಾಲೆ ನೆಟ್ಲಿ ಎಂಬಲ್ಲಿಗೆ ಹೋಯಿತು. ಭಾರತದ ವೈದ್ಯಸೇವೆಗೆ ಆಯ್ಕೆಯಾದ ತರುಣರೂ ಅಲ್ಲಿ ಕಲಿತೇ ಹಡಗು ಹತ್ತುತ್ತಿದ್ದರು. ಸೊಳ್ಳೆಯಿಂದ ಮಲೇರಿಯಾ ಹರಡುವ ಗುಟ್ಟನ್ನು ಬಯಲು ಮಾಡಿದ ರೊನಾಲ್ಡ್ ರಾಸನು 1881ರಲ್ಲಿ ಕಲಿತದ್ದು ಅಲ್ಲಿಯೇ. ಅವನನ್ನು 1895ರಲ್ಲಿ ಬೆಂಗಳೂರಿಗೆ ಕಳುಹಿಸಿದ್ದು ಕಾಲರಾ ತಡೆದು ನಗರದ ನೈರ್ಮಲ್ಯವನ್ನು ಸುಧಾರಿಸುವುದಕ್ಕಾಗಿ.

ಎರಡನೆಯ ಫಲ ಇನ್ನೂ ದೊಡ್ಡದು. ಯುದ್ಧಕಾಲದಲ್ಲಿ ಜನರು ಕೃತಜ್ಞತೆಯಿಂದ ಕೂಡಿಸಿದ ನಿಧಿ ಸುಮಾರು 44,000 ಪೌಂಡು ಆಗಿತ್ತು. ಆ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿ ಇದ್ದವರು ಹದಿನೈದು ಮಂದಿ. ಊಟ, ವಸತಿ, ಉಡುಪುಗಳನ್ನು ಕೊಟ್ಟು, ವರ್ಷಕ್ಕೆ ಹತ್ತು ಪೌಂಡು ಕೈಖರ್ಚಿಗೆ ಕೊಡುತ್ತಿದ್ದರು. ಒಂದು ವರ್ಷ ಕಲಿಕೆ, ಅನಂತರ ನಿಧಿಯವರು ಹೇಳಿದ ಆಸ್ಪತ್ರೆಯಲ್ಲಿ ಕೆಲವು ವರ್ಷ ಸೇವೆ. ಪ್ರತಿ ತಿಂಗಳೂ ಪ್ರತಿಯೊಬ್ಬಳ ವಿಷಯವಾಗಿ ಒಂದು ಪಟ್ಟಿ ತುಂಬಬೇಕು. ಗಾಯ ಕಟ್ಟುವುದು, ರೋಗಿಯನ್ನು ಗಮನಿಸುವುದು ಮೊದಲಾದ ಕೆಲಸಗಳ ಜೊತೆಗೆ, ಹೊತ್ತಿಗೆ ಸರಿಯಾಗಿ ಬರುವಳೇ, ನಂಬಿಕೆಗೆ ಅರ್ಹಳೇ, ಶಾಂತಳೇ ಎಂಬುದೂ ಅದರಲ್ಲಿ ದಾಖಲಾಗುತ್ತಿತ್ತು.

ಶಾಲೆಯ ನಿಜವಾದ ಗುರಿ ಬೇರೊಂದಿತ್ತು. ಇಲ್ಲಿ ಕಲಿತವರು ಬೇರೆ ಆಸ್ಪತ್ರೆಗಳಿಗೆ ಹೋಗಿ ಅಲ್ಲಿ ಹೊಸ ದಾದಿಯರನ್ನು ತಯಾರಿಸಬೇಕು. ಬೀಜದ ಬತ್ತವನ್ನು ಉಣ್ಣದೆ ಕಾಯ್ದಿರಿಸುವ ರೈತನ ಲೆಕ್ಕಾಚಾರ ಇದು. ಆದುದರಿಂದ ವಿದ್ಯಾವಂತ ಮನೆತನದ ಕೆಲವರನ್ನು ಮೇಲ್ವಿಚಾರಕಿಯರನ್ನಾಗಿ ಪ್ರತ್ಯೇಕವಾಗಿ ತಯಾರಿಸುತ್ತಿದ್ದರು. ದಾದಿಯರ ಆಡಳಿತ ತರಬೇತಿ ಪಡೆದ ಮೇಟ್ರನ್ನಳ ಕೈಯಲ್ಲಿರಬೇಕು ಎಂಬುದು ಆಕೆಯ ಖಂಡಿತ ನಿಯಮ. ಅಧಿಕಾರವಿಲ್ಲದ ಹೊಣೆ ವ್ಯರ್ಥವೆಂದು ಸ್ಕುಟಾರಿಯಲ್ಲಿ ಆಕೆ ಕಂಡಿದ್ದಳು.

1865ರಲ್ಲಿ ಆಗ್ನೆಸ್ ಜೋನ್ಸ್ ಎಂಬಾಕೆ ಹನ್ನೆರಡು ದಾದಿಯರೊಡನೆ ಲಿವರ್‌ಪೂಲಿನ ಅನಾಥಾಲಯದ ಆಸ್ಪತ್ರೆಗೆ ಹೋದಳು. ನಗರದ ಅತಿ ಬಡವರು ಸಾಯಲು ಬರುತ್ತಿದ್ದ ಸ್ಥಳ ಅದು. ಮೂರೇ ವರ್ಷಗಳಲ್ಲಿ ಅದಕ್ಕೊಂದು ರೂಪ ತಂದು, 1868ರಲ್ಲಿ ಅಲ್ಲಿಯ ಜ್ವರಕ್ಕೇ ಬಲಿಯಾದಳು. ವಯಸ್ಸು ಮೂವತ್ತೈದು. ಶಿಷ್ಯೆಯ ಸಾವು ನೈಟಿಂಗೇಲಳನ್ನು ಕುಗ್ಗಿಸಿತು, ಆದರೆ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಲೂಸಿ ಆಸ್ಬರ್ನ್ ಐವರು ದಾದಿಯರೊಡನೆ ಆಸ್ಟ್ರೇಲಿಯದ ಸಿಡ್ನಿಯನ್ನು ಮುಟ್ಟಿದಳು. ಇಂಗ್ಲೆಂಡಿನ ಹಲವು ಆಸ್ಪತ್ರೆಗಳಿಗೂ ಹೊರದೇಶಗಳಿಗೂ ಶಿಷ್ಯೆಯರು ಹೋದರು. ಅವರ ಕಷ್ಟಸುಖಗಳಿಗೆ ಗುರು ಕಾಗದ ಬರೆದು ಬುದ್ಧಿ ಹೇಳುತ್ತಿದ್ದಳು, ಲಂಡನ್ನಿಗೆ ಬಂದವರನ್ನು ಮನೆಗೆ ಕರೆಸಿ ಚಹಾ ಕೊಟ್ಟು ವಿಚಾರಿಸುತ್ತಿದ್ದಳು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬಾರದು. ಹತ್ತು ವರ್ಷ ಕಳೆದ ಮೇಲೆ ಶಾಲೆಯನ್ನು ತಾನೇ ಹತ್ತಿರದಿಂದ ವಿಚಾರಿಸಿದಾಗ, ಪಾಠಗಳು ಸರಿಯಾಗಿ ನಡೆಯುತ್ತಿಲ್ಲವೆಂದೂ, ಅರೆಬರೆ ಕಲಿತವರು ಹೊರಗೆ ಹೋಗುತ್ತಿದ್ದಾರೆಂದೂ ಆಕೆಗೆ ತಿಳಿಯಿತು. ತನ್ನ ಹೆಸರಿನ ಶಾಲೆಯ ದೋಷವನ್ನು ಆಕೆ ಮುಚ್ಚಿಡಲಿಲ್ಲ. ಹೊಸ ಅಧ್ಯಾಪಕನು ಬಂದನು. ವಿದ್ಯಾರ್ಥಿನಿಯರ ಓದು ಮತ್ತು ವಾಸವನ್ನು ನೋಡಿಕೊಳ್ಳಲು ಒಬ್ಬ ಹಿರಿಯ ಸೋದರಿಯ ನೇಮಕವಾಯಿತು. 1872ರಿಂದ ಆಕೆ ವಿದ್ಯಾರ್ಥಿನಿಯರಿಗೆಲ್ಲ ಓಲೆ ಬರೆಯುವ ಪದ್ಧತಿಯನ್ನೂ ಆರಂಭಿಸಿದಳು. ಆಕೆಯ ಸ್ವಂತ ತಪ್ಪುಗಳೂ ಇದ್ದವು. ಕ್ರಿಮಿಗಳಿಂದ ರೋಗ ಹರಡುವುದೆಂಬ ಹೊಸ ಸಿದ್ಧಾಂತವನ್ನು ಆಕೆ ಬಹುಕಾಲ ಒಪ್ಪಲಿಲ್ಲ. ದಾದಿಯರಿಗೆ ಪರೀಕ್ಷೆ ಇಟ್ಟು ಹೆಸರು ನೋಂದಾಯಿಸುವ ಕ್ರಮವನ್ನು ಹಟದಿಂದ ವಿರೋಧಿಸಿದಳು. ಈ ಎರಡರಲ್ಲಿಯೂ ಕಾಲವು ಆಕೆಯ ಪಕ್ಷಕ್ಕೆ ಬರಲಿಲ್ಲ.

ಇನ್ನು ನಮ್ಮ ನಾಡಿನೊಡನೆ ಆಕೆಗಿದ್ದ ಸಂಬಂಧ. ಭಾರತಕ್ಕೆ ಆಕೆ ಎಂದೂ ಬರಲಿಲ್ಲ, ಆದರೂ ನಲವತ್ತು ವರ್ಷಗಳ ಕಾಲ ಭಾರತವನ್ನು ಕುರಿತು ಬರೆದಳು. 1859ರಲ್ಲಿ ನೇಮಿಸಿದ ರಾಜ ಆಯೋಗಕ್ಕಾಗಿ ಇಲ್ಲಿಯ ದಂಡಿನ ಠಾಣೆಗಳಿಂದ ವರದಿಗಳನ್ನು ತರಿಸಿಕೊಂಡು, ಒಂದೊಂದನ್ನೂ ಓದಿ ಟಿಪ್ಪಣಿ ಬರೆದಳು. ಬೆಂಗಳೂರಿನ ಹಲಸೂರು ಕೆರೆಗೆ ಪೇಟೆಯ ಕೊಳೆ ಹರಿದುಬರುವುದೂ, ಅದೇ ನೀರನ್ನು ಕುಡಿಯಲು ಬಳಸುವುದೂ ಲಂಡನ್ನಿನ ಆ ಕೋಣೆಯಲ್ಲಿ ಕುಳಿತಾಕೆಯ ಕಣ್ಣಿಗೆ ಬಿತ್ತು. ಆಗ ಭಾರತದಲ್ಲಿದ್ದ ಇಂಗ್ಲಿಷ್ ಸೈನಿಕರಲ್ಲಿ ಸಾವಿರಕ್ಕೆ 69 ಮಂದಿ ವರ್ಷಂಪ್ರತಿ ಸಾಯುತ್ತಿದ್ದರು. ಹತ್ತು ವರ್ಷಗಳ ಸುಧಾರಣೆಯ ನಂತರ ಅದು 18ಕ್ಕೆ ಇಳಿಯಿತೆಂದು 1873ರಲ್ಲಿ ಆಕೆ ಲೆಕ್ಕ ಕೊಟ್ಟಳು.

ಮೊದಲು ಸೈನಿಕರ ಚಿಂತೆ ಇದ್ದ ಕಡೆ ಬರಬರುತ್ತ ನಮ್ಮ ಹಳ್ಳಿಗರ ಚಿಂತೆ ಸೇರಿತು. 1889ರಲ್ಲಿ ಮುಂಬಯಿ ಪ್ರಾಂತದಲ್ಲಿ ಗ್ರಾಮನೈರ್ಮಲ್ಯ ಕಾಯಿದೆ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಸೀಮೆಗಳೂ ಆಗ ಆ ಪ್ರಾಂತಕ್ಕೇ ಸೇರಿದ್ದವು. ಕಾಯಿದೆಯೊಂದರಿಂದಲೇ ಬಾವಿಯ ನೀರು ತಿಳಿಯಾಗದೆಂದು ಆಕೆ ಬಲ್ಲಳು. ಈ ವಿಷಯವಾಗಿ ನಮ್ಮ ಪುಣೆಯ ಸಾರ್ವಜನಿಕ ಸಭೆಯೊಡನೆ ಪತ್ರವ್ಯವಹಾರ ನಡೆಸಿದಳು. ಊರವರ ಮಾತನ್ನೇ ಆಡುವ ಉಪದೇಶಕರನ್ನು ತಯಾರಿಸಿ, ಹಳ್ಳಿಹಳ್ಳಿಗೆ ಕಳುಹಿಸಿ, ಜನರ ಮನಸ್ಸೊಲಿಸಿ ತಿಳಿಸಬೇಕೆಂಬುದು ಆಕೆಯ ಸಲಹೆ. ಇಂಗ್ಲೆಂಡಿನಲ್ಲಿಯೂ 1892ರಲ್ಲಿ ಬಕಿಂಗ್‌ಹ್ಯಾಮ್ ಸೀಮೆಯಲ್ಲಿ ಇದೇ ಪ್ರಯೋಗ ನಡೆಯಿತು. ಆರೋಗ್ಯಾಧಿಕಾರಿಯು ಹೆಂಗಸರಿಗೆ ಪಾಠ ಹೇಳಿ, ಜೊತೆಯಲ್ಲಿ ಗುಡಿಸಲುಗಳಿಗೆ ಕರೆದೊಯ್ದು, ಬಡ ತಾಯಂದಿರೊಡನೆ ಮಾತನಾಡುವ ಬಗೆಯನ್ನು ತೋರಿಸಿ, ಪರೀಕ್ಷಿಸಿದ ಮೇಲೆಯೇ ಕೆಲಸಕ್ಕೆ ತೆಗೆದುಕೊಂಡನು. ಮನೆಮನೆಗೆ ಹೋಗುವ ಆರೋಗ್ಯ ಸಂದರ್ಶಕಿಯರ ಪದ್ಧತಿ ಬೇರೂರಲು ಇಂಥ ಪ್ರಯೋಗಗಳು ನೆರವಾದವು. 2005ರಲ್ಲಿ ಆರಂಭವಾದ ನಮ್ಮ ಆಶಾ ಕಾರ್ಯಕರ್ತೆಯರೂ ಅದೇ ಊರಿನ ಹೆಣ್ಣುಮಕ್ಕಳು, ಅದೇ ಊರಿನ ಮಾತಿನವರು.

1907ರಲ್ಲಿ ಇಂಗ್ಲೆಂಡಿನ ದೊರೆಯು ಆರ್ಡರ್ ಆಫ್ ಮೆರಿಟ್ ಎಂಬ ಹಿರಿಯ ಮನ್ನಣೆಯನ್ನು ಆಕೆಗೆ ಕೊಟ್ಟನು. ಅದನ್ನು ಪಡೆದ ಮೊದಲ ಮಹಿಳೆ ಆಕೆ. ಆ ವೇಳೆಗೆ ದೃಷ್ಟಿ ಹೋಗಿತ್ತು, ನೆನಪು ಮಸುಕಾಗಿತ್ತು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡಳು. ರಾಜರು ಮಲಗಿರುವ ವೆಸ್ಟ್‌ಮಿನ್‌ಸ್ಟರ್ ಮಂದಿರದಲ್ಲಿ ಸಮಾಧಿಗೆ ಸ್ಥಳ ಕೊಡುವೆವೆಂದರೂ ಮನೆಯವರು ಒಪ್ಪದೆ, ಹ್ಯಾಂಪ್‌ಷೈರ್ ಸೀಮೆಯ ಒಂದು ಹಳ್ಳಿಯಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಮಣ್ಣು ಮಾಡಿದರು.

ಕೊನೆಯ ಹತ್ತಾರು ವರ್ಷ ಆಕೆ ಒಬ್ಬ ರೋಗಿಯನ್ನೂ ಮುಟ್ಟಿ ಉಪಚರಿಸಲಿಲ್ಲ. ಆದರೂ ಆಕೆಯ ಶಿಷ್ಯೆಯರು, ಅವರ ಶಿಷ್ಯೆಯರು ಜಗತ್ತಿನ ಆಸ್ಪತ್ರೆಗಳಲ್ಲಿ ದುಡಿಯುತ್ತಲೇ ಇದ್ದರು. ತಾನಿಲ್ಲದಾಗಲೂ ಕೆಲಸ ನಡೆಯುವಂತೆ ಜನರನ್ನು ತಯಾರಿಸಿದವನೇ ನಿಜವಾದ ಮುಂದಾಳು ಎಂಬುದಕ್ಕೆ ಈ ಬಾಳು ಸಾಕ್ಷಿ. ಹುಟ್ಟಿದ ನಾಡಿನಿಂದ ದೂರ ಬಂದು, ಹಿರಿಯರು ಕಟ್ಟಿದ ಸಂಘವನ್ನು ನಡೆಸಿಕೊಂಡು ಬಂದಿರುವ ನಾವು, ರಾಜ್ಯೋತ್ಸವದ ಈ ಶುಭದಿನದಲ್ಲಿ ಒಂದು ಗಳಿಗೆ ಇದನ್ನು ಯೋಚಿಸಬಹುದು. ನಾಳೆ ನಮ್ಮ ಜಾಗದಲ್ಲಿ ನಿಲ್ಲಬೇಕಾದ ಮಕ್ಕಳಿಗೆ ಇಂದೇ ಯಾವ ಹೊಣೆಯನ್ನು ಒಪ್ಪಿಸಿದ್ದೇವೆ?