ಎಂ. ವಿ. ಗೋವಿಂದಸ್ವಾಮಿ

ಡಾ. ಎಂ. ವಿ. ಗೋವಿಂದಸ್ವಾಮಿ (1904–1961) ಕರ್ನಾಟಕದ ಮನೋವೈದ್ಯರು ಹಾಗೂ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಪ್ರಥಮ ನಿರ್ದೇಶಕರು. ಈ ಸಂಸ್ಥೆಯೇ ಮುಂದೆ ನಿಮ್ಹಾನ್ಸ್ ಆಗಿ ಬೆಳೆಯಿತು. ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು ಮತ್ತು ಮನೋವೈದ್ಯಕೀಯ ಶುಶ್ರೂಷಕರಿಗೆ ಒಂದೇ ಆವರಣದಲ್ಲಿ ತರಬೇತಿ ನೀಡುವ ಕ್ರಮಕ್ಕೆ ಇವರ ಅವಧಿಯಲ್ಲಿ ತಳಹದಿ ಬಿದ್ದಿತು.

ಹಿನ್ನೆಲೆ

ಬೆಂಗಳೂರಿನಲ್ಲಿ 19ನೆಯ ಶತಮಾನದ ಮಧ್ಯಭಾಗದಿಂದಲೂ ಮನೋರೋಗಿಗಳ ಆಶ್ರಯಾಲಯವೊಂದಿತ್ತು. 1925ರಲ್ಲಿ ಮೈಸೂರು ಸರ್ಕಾರ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರನ್ನು ನೀಡಿತು. ಡಾ. ಫ್ರಾಂಕ್ ನರೋನ್ಹಾ ಅವರ ಮೇಲ್ವಿಚಾರಣೆಯಲ್ಲಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದೊಂದಿಗೆ, ಆಸ್ಪತ್ರೆಯು 1930ರ ದಶಕದಲ್ಲಿ ಪೇಟೆಯ ಇಕ್ಕಟ್ಟಿನಿಂದ ಹೊಸೂರು ರಸ್ತೆಯ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು.

ಆಸ್ಪತ್ರೆಯ ಮೇಲ್ವಿಚಾರಕರಾಗಿ

ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ತರಬೇತಿ ಪಡೆದಿದ್ದ ಗೋವಿಂದಸ್ವಾಮಿಯವರು ನರೋನ್ಹಾ ಅವರ ನಂತರ ಆಸ್ಪತ್ರೆಯ ಹೊಣೆ ವಹಿಸಿಕೊಂಡರು. ಮನೋರೋಗಕ್ಕೆ ಪರಿಣಾಮಕಾರಿ ಔಷಧಗಳು ಇನ್ನೂ ಬಾರದಿದ್ದ ಕಾಲವದು. ಇನ್ಸುಲಿನ್ ಚಿಕಿತ್ಸೆಯಂತಹ ಅಂದಿನ ಹೊಸ ವಿಧಾನಗಳು ಬೆಂಗಳೂರಿನಲ್ಲಿ ಬಳಕೆಗೆ ಬಂದವು. ಶಸ್ತ್ರವೈದ್ಯ ಬಾಲಕೃಷ್ಣ ರಾವ್ ಅವರೊಡನೆ ಮಿದುಳಿನ ಮುಂಭಾಗದ ಶಸ್ತ್ರಚಿಕಿತ್ಸೆಯನ್ನೂ ಕೈಗೊಂಡು, ಅದರ ವಿವರಗಳನ್ನು 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1950ರ ದಶಕದಲ್ಲಿ ಔಷಧಗಳು ಬಂದ ಮೇಲೆ ಈ ಶಸ್ತ್ರಚಿಕಿತ್ಸೆ ಜಗತ್ತಿನಾದ್ಯಂತ ಹಿಂದೆ ಸರಿಯಿತು. ರೋಗಿಯ ವ್ಯಕ್ತಿತ್ವಕ್ಕೆ ಅದರಿಂದಾಗುತ್ತಿದ್ದ ಹಾನಿಗಾಗಿ ಅದು ತೀವ್ರ ಟೀಕೆಗೂ ಒಳಗಾಯಿತು.

ಅಖಿಲ ಭಾರತ ಸಂಸ್ಥೆ

1946ರ ಭೋರ್ ಸಮಿತಿಯ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 40,000 ಜನರಿಗೆ ಮಾನಸಿಕ ಆಸ್ಪತ್ರೆಯ ಒಂದು ಹಾಸಿಗೆಯಿತ್ತು. ಇಂಗ್ಲೆಂಡಿನಲ್ಲಿ ಸುಮಾರು 300 ಜನರಿಗೆ ಒಂದಿತ್ತು. ಹಾಸಿಗೆಗಳಿಗಿಂತಲೂ ತರಬೇತಿ ಪಡೆದ ಸಿಬ್ಬಂದಿಯ ಕೊರತೆ ದೊಡ್ಡದಾಗಿತ್ತು. ಇದನ್ನು ನೀಗಿಸಲು ಕೇಂದ್ರ ಮತ್ತು ಮೈಸೂರು ಸರ್ಕಾರಗಳ ಸಹಯೋಗದಲ್ಲಿ 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲೇ ಸಂಸ್ಥೆ ಸ್ಥಾಪನೆಯಾಯಿತು. 1955ರಲ್ಲಿ ಮನೋವೈದ್ಯಶಾಸ್ತ್ರದ ಡಿಪ್ಲೊಮಾ ಹಾಗೂ ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನದ ಡಿಪ್ಲೊಮಾ ಆರಂಭವಾದವು. ಶುಶ್ರೂಷಕರ ತರಬೇತಿಯೂ ಅದೇ ದಶಕದಲ್ಲಿ ಸೇರಿಕೊಂಡಿತು. ರೋಗನಿರ್ಣಯ ಮತ್ತು ಔಷಧ ವೈದ್ಯರ ಹೊಣೆಯಾದರೆ, ಮನೋಪರೀಕ್ಷೆ ಮತ್ತು ಆಪ್ತಸಮಾಲೋಚನೆ ಮನೋವಿಜ್ಞಾನಿಗಳ ಕಾರ್ಯವಾಯಿತು. ವಾರ್ಡಿನಲ್ಲಿ ಹಗಲಿರುಳು ರೋಗಿಯ ಜೊತೆಗಿರುವವರು ಶುಶ್ರೂಷಕರು. ಬಿಡುಗಡೆಯಾದ ರೋಗಿಯನ್ನು ಮನೆಯವರು ಮರಳಿ ಸ್ವೀಕರಿಸುವಂತೆ ಮಾಡುವ ಕೆಲಸ ಮುಂದೆ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಪಾಲಿಗೆ ಬಂದಿತು.

ಗೋವಿಂದಸ್ವಾಮಿಯವರು ಭಾರತೀಯ ತತ್ತ್ವಶಾಸ್ತ್ರದಲ್ಲಿಯೂ ಆಸಕ್ತರಾಗಿದ್ದು, ಅದರ ವಿಚಾರಗಳನ್ನು ಮಾನಸಿಕ ಆರೋಗ್ಯದೊಂದಿಗೆ ಜೋಡಿಸಿ ಬರೆದರು.

ನಂತರದ ಬೆಳವಣಿಗೆ

ರಾಣೆಬೆನ್ನೂರು, ಹಾವೇರಿ ಮತ್ತು ಬ್ಯಾಡಗಿ ತಾಲ್ಲೂಕುಗಳು ಸೇರಿದ್ದ ಅಂದಿನ ಧಾರವಾಡ ಜಿಲ್ಲೆಯು 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ಧಾರವಾಡದಲ್ಲಿಯೂ 19ನೆಯ ಶತಮಾನದ ಮಾನಸಿಕ ಆಸ್ಪತ್ರೆಯೊಂದಿತ್ತು. ರಾಜ್ಯ ಪುನರ್ವಿಂಗಡಣೆಯ ಬಳಿಕ ಬೆಂಗಳೂರು ಮತ್ತು ಧಾರವಾಡದ ಎರಡೂ ಆಸ್ಪತ್ರೆಗಳು ಒಂದೇ ರಾಜ್ಯದ ವ್ಯಾಪ್ತಿಗೆ ಬಂದವು. ಆದರೂ ಹಳ್ಳಿಯ ರೋಗಿಗೆ ಇವೆರಡೂ ದೂರವೇ ಆಗಿದ್ದವು.

1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಸಂಸ್ಥೆ ವಿಲೀನಗೊಂಡು ನಿಮ್ಹಾನ್ಸ್ ರೂಪುಗೊಂಡಿತು. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗದ ಚಿಕಿತ್ಸೆಯನ್ನು ಊರಿನ ಸಮೀಪಕ್ಕೆ ಒಯ್ದಿತು. ಈ ಮಾದರಿಯನ್ನು ಆಧರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಗೆ ಬಂದಿತು. ನಿಮ್ಹಾನ್ಸ್ ಆವರಣದ ಕಟ್ಟಡವೊಂದಕ್ಕೆ ಗೋವಿಂದಸ್ವಾಮಿಯವರ ಹೆಸರನ್ನಿಡಲಾಗಿದೆ.