ಗಡಿಯಾರಗಳಿಗೆ ಮರುಜೀವವಿತ್ತ ರೂಪರ್ಟ್ ಗೂಲ್ಡ್

ನಮ್ಮ ಚೆನ್ನೈನ ನುಂಗಂಬಾಕ್ಕಂನಲ್ಲಿ, ಹವಾಮಾನ ಕಚೇರಿಯ ಆವರಣದೊಳಗೆ, 1792ರಲ್ಲಿ ಸ್ಥಾಪಿತವಾದ ಮದರಾಸು ವೀಕ್ಷಣಾಲಯದ ಕಲ್ಲುಕಂಬವೊಂದು ಇಂದಿಗೂ ನಿಂತಿದೆ. ಆಕಾಶವನ್ನು ನೋಡಿ ಕಾಲವನ್ನು ಗಣಿಸುವುದೂ, ಕಾಲದ ಮೂಲಕ ಸ್ಥಳವನ್ನು ಅರಿಯುವುದೂ ಅಲ್ಲಿಯ ಕಾರ್ಯವಾಗಿತ್ತು. ಭೂಮಿಯು 4 ನಿಮಿಷಗಳಲ್ಲಿ ಒಂದು ಡಿಗ್ರಿಯಷ್ಟು ತಿರುಗುವುದು. ಆದುದರಿಂದ ಹಡಗಿನ ಗಡಿಯಾರವು 4 ನಿಮಿಷ ತಪ್ಪಿದರೆ, ಭೂಮಧ್ಯರೇಖೆಯ ಬಳಿ ನಾವಿಕನ ಲೆಕ್ಕವು ಸುಮಾರು 111 ಕಿಲೋಮೀಟರು ತಪ್ಪುವುದು. ಅಲುಗಾಡುವ ಹಡಗಿನಲ್ಲಿಯೂ ತಪ್ಪದೆ ನಡೆಯುವ ಗಡಿಯಾರವನ್ನು ನಿರ್ಮಿಸಿದವನು ಇಂಗ್ಲೆಂಡಿನ ಬಡಗಿ ಜಾನ್ ಹ್ಯಾರಿಸನ್. ಆತನ ಮೊದಲನೆಯ ಗಡಿಯಾರವು 1735ರಲ್ಲಿಯೂ ನಾಲ್ಕನೆಯದು 1759ರಲ್ಲಿಯೂ ಪೂರ್ಣಗೊಂಡವು. ಕಾಲಾಂತರದಲ್ಲಿ ಜನರು ಮರೆತುಬಿಟ್ಟ ಆ ಗಡಿಯಾರಗಳನ್ನು ಉಳಿಸಿಕೊಟ್ಟವನೇ ರೂಪರ್ಟ್ ಗೂಲ್ಡ್.

ಗೂಲ್ಡನು 1890ರ ನವೆಂಬರ್ 4ರಂದು ಸೌತ್‌ಸೀ ಎಂಬ ಊರಿನಲ್ಲಿ ಜನಿಸಿ, ಎಳೆಯ ವಯಸ್ಸಿನಲ್ಲಿಯೇ ನೌಕಾಪಡೆಯನ್ನು ಸೇರಿದನು. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ಆತನಿಗೆ ತೀವ್ರವಾದ ಮಾನಸಿಕ ಅಸ್ವಾಸ್ಥ್ಯವುಂಟಾಯಿತು. ಬಳಿಕ ಆತನು ಕಡಲನ್ನು ಬಿಟ್ಟು ನೌಕಾ ಭೂಪಟಗಳ ಇಲಾಖೆಯಲ್ಲಿ ಉದ್ಯೋಗಿಯಾದನು.

1920ರಲ್ಲಿ ಗ್ರೀನಿಚ್ ವೀಕ್ಷಣಾಲಯದಲ್ಲಿದ್ದ ಹ್ಯಾರಿಸನ್ನನ ಗಡಿಯಾರಗಳನ್ನು ಗೂಲ್ಡನು ಕಂಡನು. ಸುಮಾರು 34 ಕಿಲೋಗ್ರಾಂ ತೂಗುವ ಮೊದಲನೆಯದರ ಹಿತ್ತಾಳೆಯು ಹಸುರು ಕಿಲುಬಿನಿಂದ ಮುಚ್ಚಿಹೋಗಿತ್ತು. ಅನೇಕ ಭಾಗಗಳು ಕಳೆದುಹೋಗಿದ್ದವು. ಗಡಿಯಾರದ ಕೆಲಸವು ಗೂಲ್ಡನ ವೃತ್ತಿಯಲ್ಲ, ಬರಿಯ ಹವ್ಯಾಸ. ಆದರೂ ಅನುಮತಿ ಪಡೆದು, ಸಂಬಳವನ್ನು ಬಯಸದೆ ಆತನು ದುರಸ್ತಿಗೆ ತೊಡಗಿದನು. ಉಳಿದ ಭಾಗಗಳನ್ನು ಪರೀಕ್ಷಿಸಿ, ಇಲ್ಲದ ಭಾಗವು ಹೇಗಿದ್ದಿರಬೇಕೆಂದು ಊಹಿಸಿದನು. ಬಿಚ್ಚಿದುದನ್ನೆಲ್ಲ ಚಿತ್ರಸಹಿತವಾಗಿ ಬರೆದಿಟ್ಟನು. ಹೀಗೆ 18 ಟಿಪ್ಪಣಿ ಪುಸ್ತಕಗಳು ತುಂಬಿದವು. 1923ರಲ್ಲಿ ನೌಕಾ ಗಡಿಯಾರಗಳ ಇತಿಹಾಸವನ್ನು ಕುರಿತು ಆತನು ಬರೆದ ಗ್ರಂಥವು ಪ್ರಕಟವಾಯಿತು.

ಆದರೆ ಆತನ ಸಂಸಾರವು ಒಡೆಯಿತು. 1927ರಲ್ಲಿ ಪತ್ನಿಯಿಂದ ಬೇರೆಯಾಗಬೇಕಾಯಿತು. ಇಲಾಖೆಯ ಉದ್ಯೋಗವೂ ಹೋಯಿತು. ಇಬ್ಬರು ಮಕ್ಕಳ ಒಡನಾಟವೂ ತಪ್ಪಿತು. ಇಂತಹ ದುಃಖದಲ್ಲಿಯೂ ಆತನು ಗಡಿಯಾರಗಳನ್ನು ಕೈಬಿಡಲಿಲ್ಲ. ಮೂರನೆಯದೊಂದಕ್ಕೇ ಏಳು ವರ್ಷಗಳು ಹಿಡಿದವು. 1933ರ ಫೆಬ್ರವರಿ 1ರಂದು, ಒಂದೂವರೆ ಶತಮಾನಕ್ಕೂ ಮಿಗಿಲಾಗಿ ಮೌನವಾಗಿದ್ದ ಮೊದಲನೆಯ ಗಡಿಯಾರವು ಮತ್ತೆ ನಡೆಯತೊಡಗಿತು. 1947ರಲ್ಲಿ ಬ್ರಿಟನ್ನಿನ ಗಡಿಯಾರ ತಜ್ಞರ ಸಂಸ್ಥೆಯು ಗೂಲ್ಡನಿಗೆ ಚಿನ್ನದ ಪದಕವನ್ನಿತ್ತು ಗೌರವಿಸಿತು. ಮರುವರ್ಷ ಅಕ್ಟೋಬರ್ 5ರಂದು ಆತನು ತೀರಿಕೊಂಡನು.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಗಳಲ್ಲಿಯೂ ಅಜ್ಜನ ಕಾಲದ ಕೈಗಡಿಯಾರವೊಂದು ಇದ್ದೀತು. ಅದರ ಮುಖಫಲಕವು ಮಾಸಿದೆಯೆಂದು ಅವಸರದಿಂದ ಉಜ್ಜಿದರೆ, ತೆಳುವಾದ ಚಿನ್ನದ ಲೇಪವೂ ಅಂಕಿಗಳೂ ಅಳಿಸಿಹೋಗುವುವು, ಮತ್ತೆ ಬರಲಾರವು. ಮೊದಲು ನೋಡಬೇಕು, ಬರೆದಿಡಬೇಕು, ಅನಂತರವೇ ಕೈಯಿಡಬೇಕು. ಹಳೆಯ ವಸ್ತುವನ್ನು ಉಳಿಸುವವನಿಗೆ ಕೈಚಳಕದಷ್ಟೇ ತಾಳ್ಮೆಯೂ ಬೇಕು. ಗೂಲ್ಡನ ಜೀವನವು ಇದನ್ನೇ ನಮಗೆ ಕಲಿಸುತ್ತದೆ.