ಮಕ್ಕಳ ಕ್ಯಾನ್ಸರಿಗೆ ಮೊದಲ ಮದ್ದು: ಮರೆಯಲ್ಲಿ ಉಳಿದ ಸುಬ್ಬರಾವ್

ದಾವಣಗೆರೆ: ಹರಿಹರದ ಮಗುವೊಂದು ಬಿಡದ ಜ್ವರದಿಂದ ಬಿಳಿಚಿಕೊಂಡರೆ ಹೆತ್ತವರು ಧಾವಿಸುವುದು ಸಮೀಪದ ದಾವಣಗೆರೆಯ ಆಸ್ಪತ್ರೆಗಳಿಗೆ. ರಕ್ತದ ಕ್ಯಾನ್ಸರ್ ಎಂದು ತಿಳಿದಲ್ಲಿ ಪಯಣ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಮಕ್ಕಳ ವಿಭಾಗದವರೆಗೂ ಮುಂದುವರಿಯುವುದುಂಟು. ಚಿಕಿತ್ಸೆ ಎಲ್ಲಿಯೇ ನಡೆಯಲಿ, ವೈದ್ಯರ ಚೀಟಿಯಲ್ಲಿ ಮೆಥೊಟ್ರೆಕ್ಸೇಟ್ ಎಂಬ ಹೆಸರು ಸಾಮಾನ್ಯ. ಆ ಮದ್ದಿನ ಹಿಂದಿರುವ ಯಲ್ಲಪ್ರಗಡ ಸುಬ್ಬರಾವ್ ಅವರ ಹೆಸರನ್ನು ಮಾತ್ರ ಬಲ್ಲವರು ವಿರಳ.

ಸುಬ್ಬರಾವ್ ಜನಿಸಿದ್ದು 1895ರ ಜನವರಿ 12ರಂದು, ಅಂದಿನ ಮದರಾಸು ಪ್ರಾಂತ್ಯದ ಭೀಮಾವರಂನಲ್ಲಿ. ಬಾಲ್ಯ ಕಷ್ಟದ್ದು, ಮೆಟ್ರಿಕ್ಯುಲೇಷನ್ ತೇರ್ಗಡೆಯಾದದ್ದು ಮೂರನೆಯ ಯತ್ನದಲ್ಲಿ. ತಿಂದ ಅನ್ನ ಮೈಗೆ ಹತ್ತದಂತೆ ಮಾಡುವ ಸ್ಪ್ರೂ ಎಂಬ ಕರುಳಿನ ಬೇನೆ ಸಹೋದರರನ್ನು ಬಲಿ ತೆಗೆದುಕೊಂಡಿತು. ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಅವರು ಖಾದಿ ಧರಿಸಿದ್ದು ಆಂಗ್ಲ ಪ್ರಾಧ್ಯಾಪಕರ ಕೋಪಕ್ಕೆ ಕಾರಣವಾಯಿತು. ಎಂ.ಬಿ.ಬಿ.ಎಸ್. ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಪ್ರಮಾಣಪತ್ರವಷ್ಟೇ ದೊರೆಯಿತು.

ಮುಂದೆ ಅಮೆರಿಕದ ಬಾಸ್ಟನ್ ತಲುಪಿದ ಅವರು ಆಸ್ಪತ್ರೆಯಲ್ಲಿ ಆಳಾಗಿ ದುಡಿಯುತ್ತಲೇ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ನಡೆಸಿದರು. ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ ಪ್ರಕಟಿಸಿದ ರಂಜಕವನ್ನು ಅಳೆಯುವ ವಿಧಾನ ಇಂದಿಗೂ ಇಬ್ಬರ ಹೆಸರಿನಲ್ಲಿ ಪ್ರಸಿದ್ಧ. ಆದರೂ ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ಅವರು ಲೆಡರ್ಲೆ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು.

ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಕಣಗಳ ಬೆಳವಣಿಗೆಗೆ ಬೇಕಾದ ಈ ಜೀವಸತ್ವವನ್ನು ತಡೆದರೆ ಕ್ಯಾನ್ಸರ್ ಕಣಗಳು ಸೊರಗಬೇಕೆಂಬುದು ಮುಂದಿನ ತರ್ಕ. ಅದರಂತೆ ಸಿದ್ಧವಾದ ಅಮಿನೊಪ್ಟೆರಿನ್ ಔಷಧವನ್ನು ಬಾಸ್ಟನ್ನಿನ ಮಕ್ಕಳ ವೈದ್ಯ ಸಿಡ್ನಿ ಫಾರ್ಬರ್ ರೋಗಿಗಳಿಗೆ ನೀಡಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಚೇತರಿಕೆ ತೋರಿದ್ದರು. ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೆ ಅದುವರೆಗೆ ಸಾವೊಂದೇ ಕೊನೆಯಾಗಿದ್ದ ರೋಗವನ್ನು ಔಷಧದಿಂದ ಹಿಮ್ಮೆಟ್ಟಿಸಬಹುದೆಂದು ಸಾಬೀತಾಗಿತ್ತು.

ಎರಡೇ ತಿಂಗಳಲ್ಲಿ, ಆ ವರ್ಷದ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ರೆಯಲ್ಲೇ ಕೊನೆಯುಸಿರೆಳೆದರು. ಆಗ ಅವರಿಗೆ 53 ವರ್ಷ. ಹಡಗು ಹತ್ತಿದ ಮೇಲೆ ತಾಯ್ನಾಡನ್ನಾಗಲಿ, ಪತ್ನಿ ಶೇಷಗಿರಿ ಅವರನ್ನಾಗಲಿ ಅವರು ಮತ್ತೆ ಕಾಣಲಿಲ್ಲ. ಭಾರತ ಸರ್ಕಾರ ಅವರ ಸ್ಮರಣಾರ್ಥ ಅಂಚೆಚೀಟಿ ಹೊರತಂದದ್ದು 1995ರಲ್ಲಿ, ಜನ್ಮ ಶತಮಾನೋತ್ಸವದ ವೇಳೆಗೆ.

ಅಮಿನೊಪ್ಟೆರಿನ್‌ನ ಸೋದರ ಔಷಧವೇ ಮೆಥೊಟ್ರೆಕ್ಸೇಟ್. ಹದಿಹರೆಯದವರಲ್ಲಿ ಕಾಣಿಸುವ ಅಪರೂಪದ ಮೂಳೆ ಕ್ಯಾನ್ಸರಿಗೆ ಇದನ್ನು ಭಾರಿ ಪ್ರಮಾಣದಲ್ಲಿ ನೀಡಬೇಕಾಗುತ್ತದೆ. ರಕ್ತದಲ್ಲಿ ಮದ್ದಿನ ಮಟ್ಟವನ್ನು ಆಗಾಗ ಅಳೆಯಬಲ್ಲ ವಿಶೇಷ ಕೇಂದ್ರಗಳಲ್ಲಷ್ಟೇ ಅದು ಸುರಕ್ಷಿತ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನಿಂದ ಇಂದು ಉತ್ತಮ ಕೇಂದ್ರಗಳಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಗುಣಮುಖರಾಗುತ್ತಾರೆ. ಆಸ್ಪತ್ರೆಯಿಂದ ಊರಿಗೆ ಮರಳಿದ ಮೇಲೂ ಅವರು ತಿಂಗಳುಗಟ್ಟಲೆ, ವಾರಕ್ಕೊಮ್ಮೆ ನುಂಗುವುದು ಸುಬ್ಬರಾವ್ ಪರಂಪರೆಯ ಇದೇ ಗುಳಿಗೆಯನ್ನು.